23 ಕಂತಿನ ಹೀರೋ, 13 ಕಂತಿನ ಹೀರೋ

ಅಮೆರಿಕದ ಎರಡು ಸೂಪರ್‌ಹೀರೋ ಕಂಪನಿಗಳಲ್ಲಿ ಮಾರ್ವೆಲ್ ದೊಡ್ಡದೋ ಡಿಸಿ ದೊಡ್ಡದೋ ಎಂಬ ಜಗಳ ನಮ್ಮ ಮನೆಯಲ್ಲೂ ಇದೆ. ತಂಗಿ ಮಾರ್ವೆಲ್ ಪಕ್ಷ. ನಾನು ಯಾವ ಪಕ್ಷ ಅಂತ ಅವಳಿಗೆ ಇನ್ನೂ ಗೊತ್ತಾಗಿಲ್ಲ, ಅದೇ ಅವಳ ಸಿಟ್ಟು. "ಅಣ್ಣಾ, ಒಂದು ಕಡೆ ನಿಲ್ಲು" ಅಂತಾಳೆ. ಸಿನಿಮಾಗಳ ವಿಷಯದಲ್ಲಾದರೆ ನಿಲ್ಲಬಹುದು. ಟಿವಿ ಸೀರೀಸ್‌ಗಳನ್ನು ಎದುರುಬದುರು ಇಟ್ಟು ನೋಡುವಾಗ ಮಾತ್ರ ಕಂಪನಿಯ ಹೆಸರಿನಿಂದ ಏನೂ ತಿಳಿಯುವುದಿಲ್ಲ ಅನ್ನಿಸುತ್ತದೆ. ನಾನು ಮೊದಲು ಕೇಳುವುದು ಬೇರೆ ಪ್ರಶ್ನೆ. ಕಥೆಯನ್ನು ಎಷ್ಟು ಕಂತಿನಲ್ಲಿ ಹೇಳಬೇಕಿತ್ತು? ಕಂತುಗಳು ವಾರಕ್ಕೊಂದರಂತೆ ಬಂದವೋ, ಒಂದೇ ದಿನ ಎಲ್ಲಾ ಬಂದವೋ? ನಡುವೆ ಜಾಹೀರಾತು ಇತ್ತೋ ಇಲ್ಲವೋ? ಹೀರೋ ಎಂಥವನು, ವಿಲನ್ ಎಂಥವನು, ಅವರ ಸುತ್ತ ಎಷ್ಟು ಜನ ಅನ್ನೋದೆಲ್ಲ ಹೆಚ್ಚುಕಮ್ಮಿ ಅಲ್ಲೇ ತೀರ್ಮಾನವಾಗಿಬಿಡುತ್ತದೆ.

2015ರ ಏಪ್ರಿಲ್ ತಿಂಗಳನ್ನೇ ನೋಡಿ. ಅಮೆರಿಕದ ಸಿಡಬ್ಲ್ಯೂ ಚಾನೆಲ್‌ನಲ್ಲಿ ಡಿಸಿಯ 'ದಿ ಫ್ಲ್ಯಾಶ್' ಮೊದಲ ಸೀಸನ್‌ನ 17 ಕಂತು ಮುಗಿಸಿತ್ತು, ಇನ್ನೂ ಆರು ಬಾಕಿ. ಅದರ ಅಣ್ಣನಂಥ 'ಆರೋ' ಮೂರನೇ ಸೀಸನ್‌ನ ಕೊನೆಯ ಹಂತದಲ್ಲಿತ್ತು. ಆಗ, ಏಪ್ರಿಲ್ 10ರಂದು, ನೆಟ್‌ಫ್ಲಿಕ್ಸ್ ಮಾರ್ವೆಲ್‌ನ 'ಡೇರ್‌ಡೆವಿಲ್' ಸೀರೀಸ್‌ನ 13 ಕಂತುಗಳನ್ನೂ ಒಂದೇ ಏಟಿಗೆ ಬಿಟ್ಟಿತು. ಒಂದು ಕಡೆ ಅಕ್ಟೋಬರ್‌ನಿಂದ ಮೇವರೆಗೆ ಮಂಗಳವಾರ ಮಂಗಳವಾರ ಬರುವ ಹೀರೋ. ಇನ್ನೊಂದು ಕಡೆ ಶುಕ್ರವಾರ ಬಂದು ಭಾನುವಾರ ರಾತ್ರಿಗೆ ಮುಗಿದುಹೋಗುವ ಹೀರೋ. (ನಮ್ಮಲ್ಲಿ ನೆಟ್‌ಫ್ಲಿಕ್ಸ್ ಬಂದದ್ದೇ 2016ರ ಜನವರಿಯಲ್ಲಿ. ಅದಕ್ಕೂ ಮುಂಚೆ ಇವೆಲ್ಲ ಹೇಗೆ ಊರೂರು ಸುತ್ತುತ್ತಿದ್ದವು ಅಂತ ಹಾಸ್ಟೆಲ್‌ನಲ್ಲಿದ್ದ ಯಾರನ್ನಾದರೂ ಕೇಳಿ. ಪೆನ್‌ಡ್ರೈವ್‌ಗೆ ಜೈ.)

ಮುಂದೆ ಕಥೆಯ ಗುಟ್ಟುಗಳನ್ನೆಲ್ಲ ಬಿಟ್ಟುಕೊಡುತ್ತೇನೆ. ಹತ್ತು ವರ್ಷವಾಯಿತು, ಇನ್ನೂ ನೋಡಿಲ್ಲ ಅಂದರೆ ತಪ್ಪು ನನ್ನದಲ್ಲ.

ಕಂತಿನ ಲೆಕ್ಕ ಯಾಕೆ ಅಷ್ಟು ಮುಖ್ಯ ಅಂತ ಕರಾವಳಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಯಕ್ಷಗಾನದಲ್ಲಿ ಇಡೀ ರಾತ್ರಿಯ ಆಟಕ್ಕೂ ಕಾಲಮಿತಿ ಆಟಕ್ಕೂ ಪ್ರಸಂಗ ಒಂದೇ ಇರಬಹುದು, ಭಾಗವತರೂ ಅವರೇ ಇರಬಹುದು. ಆದರೆ ಮೂರು ಗಂಟೆಗೆ ಇಳಿಸಿದಾಗ ಪೂರ್ವರಂಗಕ್ಕೆ ಕತ್ತರಿ, ಹಾಸ್ಯಗಾರನ ಸಮಯಕ್ಕೆ ಕತ್ತರಿ. ಉಳಿಯುವುದು ಮುಖ್ಯ ವೇಷಗಳ ಎದುರಾಬದುರು. ಅದರ ಬಿಗಿಯೇ ಬೇರೆ. ಬೆಳಗಿನ ಜಾವದವರೆಗೆ ಕೂತವನ ಸುಖವೂ ಬೇರೆ.

'ಆರೋ' ಶುರುವಾದದ್ದು 2012ರ ಅಕ್ಟೋಬರ್ 10ರಂದು. ಗ್ರೀನ್ ಆರೋ 1941ರಿಂದ ಕಾಮಿಕ್ಸ್‌ನಲ್ಲಿರುವ ಹಳೆಯ ಹೀರೋ, ಆದರೆ ಯಾವತ್ತೂ ಮೊದಲ ಸಾಲಿನಲ್ಲಿ ನಿಂತವನಲ್ಲ. ಬ್ಯಾಟ್‌ಮ್ಯಾನ್ ಸಿನಿಮಾದವರ ಆಸ್ತಿ, ಟಿವಿಯವರಿಗೆ ಸಿಕ್ಕಿದ್ದು ಈ ಬಿಲ್ಲುಗಾರ. ಕೋಟ್ಯಧಿಪತಿಯ ಮಗ ಆಲಿವರ್ ಕ್ವೀನ್ ಹಡಗು ಮುಳುಗಿ ಐದು ವರ್ಷ ಕಾಣೆಯಾಗುತ್ತಾನೆ. ತಿರುಗಿ ಬಂದಾಗ ಕೈಯಲ್ಲಿ ಅಪ್ಪನ ಒಂದು ನೋಟ್‌ಬುಕ್. ಅದರ ತುಂಬ ಊರು ಹಾಳು ಮಾಡಿದವರ ಹೆಸರುಗಳು. ವಾರಕ್ಕೊಂದು ಹೆಸರು, ವಾರಕ್ಕೊಂದು ಬಾಣ. ಆ ನೋಟ್‌ಬುಕ್ ಇರುವುದೇ 23 ವಾರ ತುಂಬಿಸುವುದಕ್ಕೆ ಅಂತ ಮೊದಲ ಕಂತಿನಲ್ಲೇ ಗೊತ್ತಾಗುತ್ತದೆ. ನನಗೆ ಅದರಲ್ಲಿ ಬೇಸರವಿಲ್ಲ. ಕನಿಷ್ಠ ಲೆಕ್ಕ ಮುಚ್ಚುಮರೆಯಿಲ್ಲದೆ ಇಟ್ಟಿದ್ದಾರೆ.

ಆದರೆ 23 ವಾರ ಒಬ್ಬನೇ ಮುಖ ಗಂಟಿಕ್ಕಿಕೊಂಡು ಕತ್ತಲಲ್ಲಿ ಕೂತರೆ ನೋಡುವವರು ಯಾರು? ಮೊದಲ ಕಂತಿನಲ್ಲಿ ಆಲಿವರ್ ತನ್ನೊಳಗಿನ ಮಾತನ್ನು ಹಿನ್ನೆಲೆಯಲ್ಲಿ ತಾನೇ ಹೇಳಿಕೊಳ್ಳುತ್ತಾನೆ. ಮಾತಾಡಲು ಜನ ಸಿಕ್ಕಿದ ಮೇಲೆ ಅದು ನಿಂತುಹೋಯಿತು. ಒಬ್ಬ ಜಾನ್ ಡಿಗಲ್, ಸೀರೀಸ್‌ಗೆಂದೇ ಹುಟ್ಟಿಸಿದ ಪಾತ್ರ. ಡೇವಿಡ್ ರ‍್ಯಾಮ್ಸಿ ಎಷ್ಟು ಚೆನ್ನಾಗಿ ಮಾಡಿದರೆಂದರೆ ಆಮೇಲೆ ಕಾಮಿಕ್ಸ್‌ನವರೇ ಅವನನ್ನು ಒಳಗೆ ಕರೆದುಕೊಂಡರು. ಇನ್ನೊಬ್ಬಳು ಫೆಲಿಸಿಟಿ ಸ್ಮೋಕ್. ಮೂರನೇ ಕಂತಿನಲ್ಲಿ ಗುಂಡು ಬಿದ್ದು ತೂತಾದ ಲ್ಯಾಪ್‌ಟಾಪ್ ಒಂದನ್ನು ನೋಡಿಕೊಡುವ ಐಟಿ ಹುಡುಗಿ. ಎಮಿಲಿ ಬೆಟ್ ರಿಕರ್ಡ್ಸ್ ಬಂದದ್ದು ಆ ಒಂದು ಕಂತಿಗೆ. ಆಲಿವರ್ ಹೇಳುವ ಸುಳ್ಳುಗಳನ್ನು ಅವಳು ಹುಬ್ಬೇರಿಸಿ ನೋಡುವ ರೀತಿ ಎಲ್ಲರಿಗೂ ಹಿಡಿಸಿತು. ಮತ್ತೆ ಕರೆದರು, ಮತ್ತೂ ಕರೆದರು, ಎರಡನೇ ಸೀಸನ್‌ಗೆ ಅವಳು ಕಾಯಂ.

ವಾರಕ್ಕೊಂದು ಕಂತಿನ ಸೀರೀಸ್‌ನ ನಿಜವಾದ ಬಲ ಇದೇ ಅಂತ ನನ್ನ ಲೆಕ್ಕ. ಒಂದು ಕಂತು ಪ್ರಸಾರವಾಗುವಾಗ ಮುಂದಿನವು ಇನ್ನೂ ಶೂಟಿಂಗ್‌ನಲ್ಲಿ, ಅದಕ್ಕೂ ಮುಂದಿನವು ಇನ್ನೂ ಕಾಗದದ ಮೇಲೆ. ಯಾರು ಕ್ಲಿಕ್ ಆದರು, ಯಾರು ಆಗಲಿಲ್ಲ ಅಂತ ನೋಡಿ ತಿದ್ದಿಕೊಳ್ಳಬಹುದು. 13 ಕಂತನ್ನೂ ಮುಗಿಸಿ ಡಬ್ಬಿಗೆ ಹಾಕಿ ಬಿಡುವವರಿಗೆ ಈ ಅವಕಾಶವಿಲ್ಲ. ಅಲ್ಲಿ ಫೆಲಿಸಿಟಿ ಒಂದು ಕಂತಿಗೆ ಬಂದು ಹೋಗಿರುತ್ತಿದ್ದಳು, ನಾವೂ ಮರೆತಿರುತ್ತಿದ್ದೆವು.

ಇದೇ ಬಲ ಕಾಲಿಗೂ ತೊಡರುತ್ತದೆ. ಜನ ಇಷ್ಟಪಟ್ಟರು ಅಂತ ಆಲಿವರ್, ಫೆಲಿಸಿಟಿ ಇಬ್ಬರ ಪ್ರೇಮವನ್ನು ಮೂರು, ನಾಲ್ಕನೇ ಸೀಸನ್‌ಗಳಲ್ಲಿ ಎಳೆದ ಪರಿ ಇದೆಯಲ್ಲ, ಅಯ್ಯಪ್ಪಾ. ಊರಿಗೆ ಬೆಂಕಿ ಬಿದ್ದಿರುತ್ತದೆ, ಇವರಿಬ್ಬರು ನೆಲಮಾಳಿಗೆಯಲ್ಲಿ ನಿಂತು 'ನೀನು ನನ್ನಿಂದ ಯಾಕೆ ಮುಚ್ಚಿಟ್ಟೆ' ಅಂತ ಜಗಳ ಆಡುತ್ತಿರುತ್ತಾರೆ. ನಮ್ಮ ಸಂಜೆ ಧಾರಾವಾಹಿ ಬರೆಯುವವರು ಕೂಡ ಇಷ್ಟರಲ್ಲಿ ಒಂದು ಮದುವೆ ಮಾಡಿಸಿ ಮುಂದೆ ಹೋಗಿರುತ್ತಿದ್ದರು.

ಎರಡನೇ ಸೀಸನ್ ಮಾತ್ರ ಬೇರೆ ಮಟ್ಟದ್ದು. ಮನು ಬೆನೆಟ್‌ನ ಸ್ಲೇಡ್ ವಿಲ್ಸನ್, ಹಡಗು ಮುಳುಗಿದ ಮೇಲೆ ಸೇರಿದ ದ್ವೀಪದಲ್ಲಿ ಆಲಿವರ್‌ನ ಗುರು, ಗೆಳೆಯ, ಹೆಚ್ಚುಕಮ್ಮಿ ಅಣ್ಣ. ಫ್ಲ್ಯಾಶ್‌ಬ್ಯಾಕ್‌ನಲ್ಲಿ ಆ ಗೆಳೆತನ ವಾರವಾರ ಮುರಿಯುತ್ತಾ ಹೋಗುತ್ತದೆ. ಇತ್ತ ವರ್ತಮಾನದಲ್ಲಿ ಅದೇ ಮನುಷ್ಯ ಸೇಡು ತೀರಿಸಲು ಬಂದಿರುತ್ತಾನೆ. 15ನೇ ಕಂತಿನಲ್ಲಿ ಆಲಿವರ್ ಮನೆಗೆ ಬಂದರೆ ಸ್ಲೇಡ್ ಅವನ ಅಮ್ಮ ಮೋಯ್ರಾ ಜೊತೆ ಹಾಲ್‌ನಲ್ಲಿ ಆರಾಮಾಗಿ ಹರಟುತ್ತಾ ಕೂತಿರುತ್ತಾನೆ. ಬಾಣವಿಲ್ಲ, ಕತ್ತಿಯಿಲ್ಲ. ಇಬ್ಬರೂ ನಗುತ್ತಾ ಮಾತಾಡುತ್ತಾರೆ, ನಮಗೆ ಬೆನ್ನಲ್ಲಿ ಚಳಿ. ಐದು ಕಂತು ಕಳೆದ ಮೇಲೆ ಅವನು ಅದೇ ಅಮ್ಮನನ್ನು ಆಲಿವರ್‌ನ ಕಣ್ಣೆದುರೇ ಕೊಲ್ಲುತ್ತಾನೆ. ಆ ಹೊತ್ತಿಗೆ ಮೋಯ್ರಾಳ ಸುಳ್ಳು, ಹೆದರಿಕೆ, ಮಕ್ಕಳ ಮೇಲಿನ ಹುಚ್ಚು ಪ್ರೀತಿ ಎಲ್ಲವನ್ನೂ ನಾವು ಎರಡು ಸೀಸನ್ ನೋಡಿರುತ್ತೇವೆ. ಅದಕ್ಕೇ ಆ ಸಾವು ನಾಟುತ್ತದೆ.

'ಡೇರ್‌ಡೆವಿಲ್'ಗೆ ಅಷ್ಟು ಸಮಯವಿರಲಿಲ್ಲ. ಇದ್ದದ್ದು ಬೇರೆ. ಜಾಹೀರಾತಿನ ಹಂಗಿಲ್ಲ. ಸಿಡಬ್ಲ್ಯೂ ಕಂತು 42 ನಿಮಿಷದ ಸುಮಾರಿಗೆ ಮುಗಿಯಬೇಕು, ಅದರಲ್ಲೂ ಪ್ರತಿ ಬ್ರೇಕ್‌ಗೆ ಮುಂಚೆ ಏನೋ ಒಂದು ಢಂ ಅನ್ನಬೇಕು, ಇಲ್ಲದಿದ್ದರೆ ಜನ ಚಾನೆಲ್ ಬದಲಿಸಿಬಿಡುತ್ತಾರೆ. ಆ ಹೆದರಿಕೆ ಇಲ್ಲದವರು ಸುಮ್ನೆ ಇರಬಲ್ಲರು. ವಿಲನ್ ವಿಲ್ಸನ್ ಫಿಸ್ಕ್ ಬರುವ ರೀತಿಯನ್ನೇ ನೋಡಿ. ಎರಡು ಕಂತು ಅವನ ಹೆಸರನ್ನು ಯಾರೂ ಬಾಯಿಬಿಡುವುದಿಲ್ಲ. ಮೂರನೆಯದರಲ್ಲಿ ಹೆಸರು ಹೇಳಿದವನು ಅದರ ಬೆನ್ನಿಗೇ ಚೂಪು ಬೇಲಿಗೆ ತಾನೇ ತಲೆ ಚುಚ್ಚಿಕೊಂಡು ಸಾಯುತ್ತಾನೆ, ಅಷ್ಟು ಭಯ. ಇನ್ನೇನು ರಾಕ್ಷಸ ಬರುತ್ತಾನೆ ಅಂದುಕೊಂಡರೆ, ಒಬ್ಬ ದಪ್ಪ, ಬೋಳುತಲೆಯ ಮನುಷ್ಯ ಚಿತ್ರಶಾಲೆಯಲ್ಲಿ ಬರೀ ಬಿಳಿ ಬಣ್ಣದ ಒಂದು ಕ್ಯಾನ್ವಾಸ್ ನೋಡುತ್ತಾ ನಿಂತಿದ್ದಾನೆ. ಅಲ್ಲಿನ ವನೆಸ್ಸಾ ಇದನ್ನು ನೋಡಿದರೆ ಏನನಿಸುತ್ತದೆ ಅಂತ ಕೇಳಿದರೆ, ಒಂಟಿ ಅನಿಸುತ್ತದೆ ಅಂತಾನೆ. ಕಂತು ಮುಗಿಯಿತು.

ಎಂಟನೇ ಕಂತಿಗೆ ಬಂದಾಗ ತಿಳಿಯುತ್ತದೆ, ಆ ಬಿಳಿ ಕ್ಯಾನ್ವಾಸ್ ಬಾಲ್ಯದಲ್ಲಿ ಅವನಪ್ಪ ನೋಡುತ್ತಾ ಕೂರು ಅಂತ ಕೂರಿಸುತ್ತಿದ್ದ ಗೋಡೆಯಂತಿದೆ ಅಂತ. ಅದೇ ಅಪ್ಪನನ್ನು ಸುತ್ತಿಗೆಯಿಂದ ಹೊಡೆದು ಕೊಂದವನು ಈ ಹುಡುಗ. ವಿನ್ಸೆಂಟ್ ಡಿಓನೋಫ್ರಿಯೋ ಫಿಸ್ಕ್‌ಗೆ ಕೊಟ್ಟ ಧ್ವನಿ ಕೇಳಬೇಕು. ಮಾತು ಗಂಟಲಲ್ಲಿ ಸಿಕ್ಕಿಹಾಕಿಕೊಂಡಂತೆ, ನಾಚಿಕೆಯ ಹುಡುಗ ದೊಡ್ಡ ದೇಹದೊಳಗೆ ಅಡಗಿ ಕೂತಂತೆ. 13 ಗಂಟೆಗೆ ಒಬ್ಬನೇ ವಿಲನ್ ಸಾಕು ಅಂತ ತೀರ್ಮಾನಿಸಿದ್ದರಿಂದ ಇಷ್ಟು ಆಳಕ್ಕೆ ಇಳಿಯಲು ಆಯಿತು. ಇದೇ ಫಿಸ್ಕ್ ಸಿಡಬ್ಲ್ಯೂ ಕೈಗೆ ಸಿಕ್ಕಿದ್ದರೆ, ವಾರಕ್ಕೊಬ್ಬ ಬಾಡಿಗೆ ಕೊಲೆಗಾರನನ್ನು ಕಳಿಸುತ್ತಾ ಕೊನೆಯ ಐದು ನಿಮಿಷ ಕಿಟಕಿ ಪಕ್ಕ ನಿಂತು ನಗುತ್ತಿರುತ್ತಿದ್ದ.

ಇನ್ನು ಆ ಫೈಟ್. ಎರಡನೇ ಕಂತಿನ ಕೊನೆಯಲ್ಲಿ ಒಂದು ಹಳದಿ ಮಂಕು ಬೆಳಕಿನ ಕಾರಿಡಾರ್. ಅಪಹರಿಸಿದ ಮಗುವನ್ನು ಬಿಡಿಸಲು ಮ್ಯಾಟ್ ಮರ್ಡಾಕ್, ಅಂದರೆ ನಮ್ಮ ಡೇರ್‌ಡೆವಿಲ್, ಒಳಗೆ ಬರುತ್ತಾನೆ. ಸುಮಾರು ಮೂರು ನಿಮಿಷ, ಎಲ್ಲೂ ಕಟ್ ಇಲ್ಲದಂತೆ ಕಾಣುವ ಒಂದೇ ಶಾಟ್. ಕ್ಯಾಮೆರಾ ಕಾರಿಡಾರ್‌ನಲ್ಲೇ ಹಿಂದೆ ಮುಂದೆ ತಿರುಗುತ್ತದೆ, ಹೊಡೆದಾಟ ಅಕ್ಕಪಕ್ಕದ ಕೋಣೆಗಳಿಗೆ ನುಗ್ಗಿ ಹೊರಗೆ ಬರುತ್ತದೆ, ಬಾಗಿಲಿಂದ ಒಂದು ಮೈಕ್ರೋವೇವ್ ಹಾರಿ ಬರುತ್ತದೆ. ಜನ ಶಾಟ್ ಎಷ್ಟು ಉದ್ದ ಅಂತ ಹೊಗಳುತ್ತಾರೆ. ನನಗೆ ಇಷ್ಟವಾದದ್ದು ಅವನಿಗೆ ಸುಸ್ತಾಗುವುದು. ಗೋಡೆಗೆ ಒರಗುತ್ತಾನೆ, ಏದುಸಿರು ಬಿಡುತ್ತಾನೆ, ಬಿದ್ದವರು ಮತ್ತೆ ಎದ್ದು ಬರುತ್ತಾರೆ, ಅವನೂ ಮತ್ತೆ ಹೊಡೆಯುತ್ತಾನೆ. ಸೂಪರ್‌ಹೀರೋ ಒಬ್ಬನಿಗೆ ಕೈ ಎತ್ತಲೂ ಆಗದಷ್ಟು ಆಯಾಸ ಆದದ್ದನ್ನು ಟಿವಿಯಲ್ಲಿ ನಾನು ನೋಡಿದ್ದು ಅದೇ ಮೊದಲು. ಸ್ಟಂಟ್ ಜವಾಬ್ದಾರಿ ಹೊತ್ತಿದ್ದ ಫಿಲಿಪ್ ಸಿಲ್ವೆರಾಗೆ ಇದರ ಶ್ರೇಯ ಹೋಗಬೇಕು. ಆಮೇಲೆ ಪ್ರತಿ ಸೀಸನ್‌ನಲ್ಲೂ ಇಂಥದ್ದೊಂದು ಇರಲೇಬೇಕು ಅಂತಾಯಿತು, ಮೂರನೇ ಸೀಸನ್‌ನ ಜೈಲಿನ ದೃಶ್ಯ 11 ನಿಮಿಷಕ್ಕೆ ಬೆಳೆಯಿತು. ಅದ್ಭುತವೇ. ಆದರೂ ನನ್ನ ಓಟು ಆ ಮೊದಲ ಮೂರು ನಿಮಿಷಕ್ಕೆ.

ಹಾಗಂತ 13 ಅನ್ನೋದು ಮಂತ್ರವೇನಲ್ಲ. ಮಾರ್ವೆಲ್, ನೆಟ್‌ಫ್ಲಿಕ್ಸ್ 2013ರಲ್ಲೇ ಒಪ್ಪಂದ ಮಾಡಿಕೊಂಡಿದ್ದವು, ನಾಲ್ಕು ಹೀರೋಗಳಿಗೆ ತಲಾ 13 ಕಂತು, ಆಮೇಲೆ ಎಲ್ಲರೂ ಸೇರುವ ಒಂದು ಕಿರು ಸೀರೀಸ್ ಅಂತ. ಅಂದರೆ ಕಥೆ ಏನು ಅಂತ ಗೊತ್ತಾಗುವ ಮುಂಚೆಯೇ ಅಳತೆ ನಿಗದಿಯಾಗಿತ್ತು. 'ಜೆಸ್ಸಿಕಾ ಜೋನ್ಸ್'ನಲ್ಲಿ ಡೇವಿಡ್ ಟೆನಂಟ್‌ನ ಕಿಲ್‌ಗ್ರೇವ್ ನನ್ನ ಪ್ರಕಾರ ಇವರೆಲ್ಲರಲ್ಲಿ ಅತಿ ಭಯಾನಕ ವಿಲನ್, ಆದರೂ ಹಿಡಿ, ತಪ್ಪಿಸಿಕೋ, ಮತ್ತೆ ಹುಡುಕು ಅಂತ ಕಥೆ ನಡುವೆ ಸುತ್ತು ಹೊಡೆಯುತ್ತದೆ. 'ಲ್ಯೂಕ್ ಕೇಜ್' ಇನ್ನೂ ಬೇಜಾರು. ಮಹರ್ಶಲಾ ಅಲಿಯಂಥ ನಟ ಕಾಟನ್‌ಮೌತ್ ಆಗಿ ತೆರೆ ತುಂಬಿ ನಿಂತಿರುವಾಗ ಏಳನೇ ಕಂತಿಗೇ ಕೊಂದುಬಿಟ್ಟರು. ಉಳಿದ ಆರು ಕಂತು ಬೇರೊಬ್ಬ ವಿಲನ್ ಕೈಯಲ್ಲಿ ಕುಂಟಿತು. 'ಐರನ್ ಫಿಸ್ಟ್' ಬಗ್ಗೆ ಮಾತಾಡದಿದ್ದರೇ ಒಳ್ಳೆಯದು.

ಎಬಿಸಿ ಚಾನೆಲ್‌ನಲ್ಲಿ ಬಂದ ಮಾರ್ವೆಲ್‌ನ 'ಏಜೆಂಟ್ಸ್ ಆಫ್ ಶೀಲ್ಡ್' ಪಾಡು ಎಲ್ಲಕ್ಕಿಂತ ಪಾಪ. 2013ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು, ಆದರೆ ಕಥೆಯ ದೊಡ್ಡ ತಿರುವು ಇದ್ದದ್ದು 2014ರ ಏಪ್ರಿಲ್‌ನಲ್ಲಿ ಬರಬೇಕಿದ್ದ ಕ್ಯಾಪ್ಟನ್ ಅಮೆರಿಕ ಸಿನಿಮಾದಲ್ಲಿ. ಅಲ್ಲಿಯವರೆಗೆ 16 ಕಂತು ಸುಮ್ನೆ ಕಾಲ ತಳ್ಳಬೇಕು. ತಳ್ಳಿದರು. 17ನೆಯದರಲ್ಲಿ, ಅಷ್ಟೂ ದಿನ ಸಪ್ಪೆ ಅನ್ನಿಸಿದ್ದ ವಾರ್ಡ್ ದ್ರೋಹಿ ಅಂತ ಗೊತ್ತಾದಾಗ ಆ ಸಪ್ಪೆತನಕ್ಕೇ ಬೇರೆ ಅರ್ಥ ಬಂತು. ಸಿನಿಮಾದಲ್ಲಿ ಸತ್ತ ಏಜೆಂಟ್ ಕೋಲ್ಸನ್ ಈ ಸೀರೀಸ್‌ನಲ್ಲಿ ಬದುಕಿ ಬಂದ, ಸೀರೀಸ್ 136 ಕಂತು ನಡೆಯಿತು. ಸಿನಿಮಾದವರು ಒಂದು ಸಲವೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಈಗ 'ಫ್ಲ್ಯಾಶ್'. ಮೊದಲ ಕಂತಿನ ಕೊನೆಯಲ್ಲೇ ಗಾಲಿಕುರ್ಚಿಯ ಡಾಕ್ಟರ್ ಹ್ಯಾರಿಸನ್ ವೆಲ್ಸ್ ಎದ್ದು ನಡೆದು, 2024ರ ತಾರೀಕಿನ ಒಂದು ದಿನಪತ್ರಿಕೆ ಓದುತ್ತಾನೆ. ಅಂದರೆ ಫ್ಲ್ಯಾಶ್ ಆಗಿ ಓಡುವ ಬ್ಯಾರಿ ಅಲೆನ್‌ಗೆ ಗೊತ್ತಿಲ್ಲದ್ದು ನಮಗೆ ಗೊತ್ತು. ಆಮೇಲೆ ತಿಂಗಳುಗಟ್ಟಲೆ ಆ ಮನುಷ್ಯ ಬ್ಯಾರಿಗೆ ಓಡುವುದು ಕಲಿಸುತ್ತಾನೆ, ಬೆನ್ನು ತಟ್ಟುತ್ತಾನೆ, ಅವನ ಜೀವ ಉಳಿಸುತ್ತಾನೆ. ಟಾಮ್ ಕ್ಯಾವನಾ ಅದನ್ನು ಎಷ್ಟು ಪ್ರೀತಿಯಿಂದ ಮಾಡುತ್ತಾನೆಂದರೆ, ಬ್ಯಾರಿಯ ಅಮ್ಮನನ್ನು ಕೊಂದವನು ಇವನೇ ಅಂತ ಖಚಿತವಾದ ಮೇಲೂ ನಾವು ಅವನನ್ನು ಪೂರ್ತಿ ದ್ವೇಷಿಸಲಾರೆವು. ಇದೇ ಕಥೆಯನ್ನು ಎರಡು ದಿನದಲ್ಲಿ ನೋಡಿದ್ದರೆ ಇದು ಬರೀ ಟ್ವಿಸ್ಟ್. ಏಳೆಂಟು ತಿಂಗಳು ವಾರವಾರ ನೋಡಿದ್ದರಿಂದ ನಮಗೂ ಅವನ ಸಹವಾಸ ಅಭ್ಯಾಸವಾಗಿರುತ್ತದೆ. ದೂರದರ್ಶನದಲ್ಲಿ ಶಕ್ತಿಮಾನ್ ನೋಡಿ ಬೆಳೆದವರಿಗೆ ಈ ವಾರದ ಕಾಯುವಿಕೆ ಗೊತ್ತು. ಗ್ರಾಫಿಕ್ಸ್ ಹೇಗೇ ಇರಲಿ, ಆರು ದಿನ ಕಥೆ ನಮ್ಮ ತಲೆಯಲ್ಲೇ ಓಡುತ್ತಿತ್ತು, ಅಲ್ವಾ?

ಎಲ್ಲರೂ ಒಟ್ಟಿಗೆ ಸೇರುವ ಕಂತುಗಳಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ನೆಟ್‌ಫ್ಲಿಕ್ಸ್‌ನ ಆ ನಾಲ್ಕು ಹೀರೋಗಳು ಸೇರುವ 2017ರ 'ಡಿಫೆಂಡರ್ಸ್' 8 ಕಂತಿನದ್ದು, ವಿಲನ್ ಆಗಿ ಸಿಗೋರ್ನಿ ವೀವರ್ ಬೇರೆ. ಆದರೂ ನೆನಪಿರುವುದು ನಾಲ್ವರೂ ಚೈನೀಸ್ ಹೋಟೆಲ್ ಒಂದರಲ್ಲಿ ಕೂತು ಊಟ ಮಾಡುತ್ತಾ ಕಚ್ಚಾಡುವ ಕಂತು ಮಾತ್ರ. ಸಿಡಬ್ಲ್ಯೂದವರು 2019ರ ಡಿಸೆಂಬರ್‌ನಿಂದ ಜನವರಿಯವರೆಗೆ ಐದು ಸೀರೀಸ್‌ಗಳನ್ನು ಹೆಣೆದು 'ಕ್ರೈಸಿಸ್' ಮಾಡಿದರು. ಗ್ರಾಫಿಕ್ಸ್ ಅಲ್ಲಲ್ಲಿ ನಗು ತರಿಸುತ್ತದೆ, ಕಥೆಗೆ ತಲೆಬುಡ ಕಡಿಮೆ. ಆದರೆ 1990ರಲ್ಲಿ ಸಿಬಿಎಸ್ ಚಾನೆಲ್‌ಗೆ ಫ್ಲ್ಯಾಶ್ ಆಗಿ, 22 ಕಂತಿಗೇ ಸೀರೀಸ್ ನಿಂತುಹೋಗಿದ್ದ ಜಾನ್ ವೆಸ್ಲಿ ಶಿಪ್ ಅದೇ ಹಳೆಯ ಫ್ಲ್ಯಾಶ್ ಆಗಿ ಬಂದು, ಹೊಸಬನ ಬದಲಿಗೆ ತಾನು ಪ್ರಾಣ ಬಿಡುತ್ತಾನೆ. ಹೊಸ ಸೀರೀಸ್‌ನಲ್ಲಿ ಇದೇ ನಟ ಬ್ಯಾರಿಯ ಅಪ್ಪ ಕೂಡ ಆಗಿದ್ದವನು! ನಾನು ಕಣ್ಣೊರೆಸಿಕೊಂಡೆ, ಹೇಳಲು ನಾಚಿಕೆಯಿಲ್ಲ.

ನೆಟ್‌ಫ್ಲಿಕ್ಸ್ 2018ರ ನವೆಂಬರ್‌ನಲ್ಲಿ 'ಡೇರ್‌ಡೆವಿಲ್' ನಿಲ್ಲಿಸಿತು. ಮರುವರ್ಷ ಮಾರ್ವೆಲ್‌ನ ಒಡೆಯ ಡಿಸ್ನಿ ತನ್ನದೇ ಸ್ಟ್ರೀಮಿಂಗ್ ಸೇವೆ ಶುರು ಮಾಡಿತು. ಆಮೇಲೆ ಬಂತು 6 ಕಂತಿನ ಕಾಲ. ಲೋಕಿಗೆ 6, ಹಾಕ್ಐಗೆ 6, ಮೂನ್ ನೈಟ್‌ಗೆ 6. ನನಗೆ ತುಂಬ ಬೇಸರವಾದದ್ದು 2022ರ 'ಮಿಸ್ ಮಾರ್ವೆಲ್' ಬಗ್ಗೆ. ಜೆರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಮನೆ, ಕಮಲಾ ಖಾನ್, ಅವಳ ಅಪ್ಪ ಅಮ್ಮ, ಮಸೀದಿಯ ಚುನಾವಣೆ, ಮದುವೆ ಮನೆಯ ಕುಣಿತ. ಆ ಮನೆಯಲ್ಲಿ 20 ವಾರ ಆರಾಮಾಗಿ ಇರಬಹುದಿತ್ತು. ಆದರೆ 6ರಲ್ಲಿ ಮುಗಿಸಬೇಕಲ್ಲ, ಕರಾಚಿಗೆ ಓಡಿಸಿ, 1947ರ ವಿಭಜನೆಯ ರೈಲು ತೋರಿಸಿ, ಗಡಿಬಿಡಿಯಲ್ಲಿ ಕೈತೊಳೆದುಕೊಂಡರು. ವಿಲನ್ ಹೆಸರು ಕೂಡ ನೆನಪಿಲ್ಲ.

ಮ್ಯಾಟ್ ಮರ್ಡಾಕ್ ತಿರುಗಿ ಬಂದ 'ಬಾರ್ನ್ ಅಗೇನ್' ಅಂತೂ ಈ ಅಂಕಿಗಳ ಗೊಂದಲಕ್ಕೆ ಒಳ್ಳೆಯ ಉದಾಹರಣೆ. 2022ರಲ್ಲಿ 18 ಕಂತು ಅಂತ ಘೋಷಣೆಯಾಯಿತು. ಅರ್ಧ ಶೂಟಿಂಗ್ ಆದ ಮೇಲೆ ಬರಹಗಾರರನ್ನು ಬದಲಿಸಿ, ಮತ್ತೆ ಬರೆದು, ಕೊನೆಗೆ 2025ರ ಮಾರ್ಚ್‌ನಲ್ಲಿ ಬಂದದ್ದು 9 ಕಂತಿನ ಮೊದಲ ಸೀಸನ್. ನೋಡುವಾಗ ಹೊಲಿಗೆ ಕಾಣುತ್ತದೆ. ನಡುವಿನ ಬ್ಯಾಂಕ್ ದರೋಡೆಯ ಕಂತು ಬೇರೆ ಯಾವುದೋ ಸೀರೀಸ್‌ನಿಂದ ದಾರಿ ತಪ್ಪಿ ಬಂದಂತಿದೆ. (ಅದು ನನಗೆ ಇಷ್ಟವಾಯಿತು ಅನ್ನೋದು ಬೇರೆ ಮಾತು.) ಮ್ಯಾಟ್, ಫಿಸ್ಕ್ ಒಂದು ಮೇಜಿನ ಆಚೆ ಈಚೆ ಕೂತು ಕಾಫಿ ಕುಡಿಯುವ ದೃಶ್ಯದಲ್ಲಿ ಮಾತ್ರ ಹಳೆಯ ಬಿಗಿ ಹಾಗೇ ಇದೆ.

ಉದ್ದ ಸೀರೀಸ್ ಪರವಾಗಿ ನನ್ನ ಕೊನೆಯ ಸಾಕ್ಷಿ 'ಆರೋ' ಐದನೇ ಸೀಸನ್. ಪ್ರತಿ ಸೀಸನ್‌ನ ಫ್ಲ್ಯಾಶ್‌ಬ್ಯಾಕ್‌ನಲ್ಲಿ ಆಲಿವರ್ ಕಾಣೆಯಾಗಿದ್ದ ದಿನಗಳ ಒಂದೊಂದು ವರ್ಷ ತೋರಿಸುತ್ತಾ ಬಂದಿದ್ದರಲ್ಲ, 2017ರ ಮೇ ತಿಂಗಳಿಗೆ ಆ ಐದೂ ವರ್ಷ ಮುಗಿದವು. ಫ್ಲ್ಯಾಶ್‌ಬ್ಯಾಕ್ ಬಂದು ಸೇರಿದ್ದು ಮೊಟ್ಟಮೊದಲ ಕಂತಿನ ಶುರುವಿಗೆ. ಮೀನುಗಾರರು ಕಾಪಾಡಿದ ಆಲಿವರ್ ದೋಣಿಯಿಂದ ಮನೆಗೆ ಫೋನ್ ಮಾಡುತ್ತಾನೆ, ಆ ಕಡೆ ಮೋಯ್ರಾ. ಅವಳು ಸತ್ತು ಆಗಲೇ ಮೂರು ವರ್ಷವಾಗಿತ್ತು, ಅವನಿಗೂ ನಮಗೂ. 115 ಕಂತು ಹಾಕಿದವರಿಗೆ ಮಾತ್ರ ಇಂಥ ಫೋನ್ ಕರೆ ಸಿಗುತ್ತದೆ. 13ರಲ್ಲಿ ಸಾಧ್ಯವಿಲ್ಲ, 6ರಲ್ಲಿ ಕೇಳಲೇಬೇಡಿ.

ಹೊಸದಾಗಿ ನೋಡುವವರಿಗೆ ಒಂದು ಮಾತು. 'ಆರೋ' ಒಂದು, ಎರಡು ನೋಡಿ, ಮೂರು ನಾಲ್ಕನ್ನು ಬಟ್ಟೆ ಮಡಚುತ್ತಾ ನೋಡಿ, ಐದಕ್ಕೆ ಮತ್ತೆ ಸರಿಯಾಗಿ ಕೂತುಕೊಳ್ಳಿ. 'ಫ್ಲ್ಯಾಶ್' ಒಂಬತ್ತು ಸೀಸನ್, 184 ಕಂತು ಎಳೆಯಿತು. ಅಷ್ಟು ಬೇಕಿರಲಿಲ್ಲ, ಮೊದಲ ಎರಡು ಸಾಕು. 'ಡೇರ್‌ಡೆವಿಲ್' ಮೂರೂ ಸೀಸನ್ ನೋಡಿ, ಆದರೆ ಒಟ್ಟಿಗೆ ಬಿಟ್ಟಿದ್ದಾರೆ ಅಂತ ಒಟ್ಟಿಗೆ ನುಂಗಬೇಡಿ. ಮೂರನೇ ಕಂತಿನ ಆ ಬಿಳಿ ಕ್ಯಾನ್ವಾಸ್ ಆದ ಮೇಲೆ ಮುಂದಿನ ಕಂತು ತಾನಾಗೇ ಶುರುವಾಗಲು ಕೆಲವೇ ಸೆಕೆಂಡ್ ಕೊಡುತ್ತಾರೆ. ಅಷ್ಟರೊಳಗೆ ರಿಮೋಟ್ ಹುಡುಕಿ.